ಹೂವು ಕಾಯಾಗುವ ಬಗೆ: ಹಣ್ಣಿನ ಮರಗಳಲ್ಲಿ ಪರಾಗದ ಹೊಂದಾಣಿಕೆ

ಹೂ ಬಿಟ್ಟ ಮರವೆಲ್ಲ ಕಾಯಿ ಕಟ್ಟುವುದಿಲ್ಲವೆಂಬುದು ರೈತರಿಗೆ ಹೊಸ ಸಂಗತಿಯಲ್ಲ. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ಪುಷ್ಯ ಮಾಘ ಮಾಸಗಳಲ್ಲಿ ಮಾವಿನ ಮರವು ಎಲೆ ಕಾಣದಂತೆ ಹೂಗೊಂಚಲನ್ನು ಹೊದ್ದು ನಿಲ್ಲುತ್ತದೆ. ಯುಗಾದಿಯ ಹೊತ್ತಿಗೆ ಹೋಗಿ ನೋಡಿದರೆ ಹಲವು ಮರಗಳಲ್ಲಿ ಒಣಗಿದ ಕಡ್ಡಿಗಳ ಹೊರತು ಮತ್ತೇನೂ ಇರುವುದಿಲ್ಲ. ಮಂಜು ಬಿತ್ತು, ಜಿಗಿಹುಳು ತಿಂದಿತು, ಬೂದಿರೋಗ ತಗುಲಿತು ಎಂದು ಹಿರಿಯರು ಹೇಳುತ್ತಾರೆ. ಕೆಲವರು ದೃಷ್ಟಿಯಾಯಿತೆಂದೂ ಹೇಳುವುದುಂಟು. ಮೊದಲ ಮೂರು ನಿಜವಾದ ಕಾರಣಗಳೇ ಸರಿ. ಆದರೆ ಔಷಧಿ ಸಿಂಪಡಿಸಿ, ಗೊಬ್ಬರವಿಟ್ಟು, ನೀರು ಹಾಯಿಸಿ ಸಾಕಿದ ಮರವೊಂದು ವರ್ಷ ವರ್ಷವೂ ಹೂ ಬಿಟ್ಟು ಬರಿದಾಗಿಯೇ ಉಳಿದರೆ, ಕಾರಣವನ್ನು ಆ ಮರದಲ್ಲಿ ಮಾತ್ರವಲ್ಲದೆ ಅದರ ನೆರೆಹೊರೆಯಲ್ಲಿಯೂ ಹುಡುಕಬೇಕಾಗುತ್ತದೆ.

ಹೂವಿನ ಭಾಗಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಚಿತ್ರ ಬರೆದು ಗುರುತಿಸಬಲ್ಲರು. ಕೇಸರದ ತುದಿಯಲ್ಲಿ ಪರಾಗ ಹುಟ್ಟುತ್ತದೆ. ಅದು ಶಲಾಕಾಗ್ರದ ಮೇಲೆ ಬಿದ್ದು ಮೊಳೆತು, ಸೂಕ್ಷ್ಮವಾದ ನಾಳವೊಂದನ್ನು ಶಲಾಕೆಯ ಒಳಗೆ ಇಳಿಸಿ, ಅಂಡಾಶಯವನ್ನು ಮುಟ್ಟಿ ಅಂಡಾಣುವನ್ನು ಫಲಿತಗೊಳಿಸುತ್ತದೆ. ಒಂದೇ ಹೂವಿನಲ್ಲಿ ಕೇಸರವೂ ಅಂಡಾಶಯವೂ ಇರುವಾಗ ಈ ಕಾರ್ಯಕ್ಕೆ ಪರರ ನೆರವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬೀನ್ಸ್, ಬಟಾಣಿಗಳಂಥ ಗಿಡಗಳಿಗೆ ಬಹುಮಟ್ಟಿಗೆ ಬೇಕಾಗಿಯೂ ಇಲ್ಲ. ಹಣ್ಣಿನ ಮರಗಳಲ್ಲಿ ಅನೇಕವು ಮಾತ್ರ ತಮ್ಮ ಪರಾಗವನ್ನು ತಾವೇ ಒಲ್ಲವು. ಈ ಗುಣವನ್ನು ಸ್ವಪರಾಗ ನಿರೋಧ ಎನ್ನಬಹುದು. ಇಲ್ಲಿ ‘ತನ್ನ’ ಎಂಬ ಮಾತಿಗೆ ಸಾಮಾನ್ಯರು ತಿಳಿಯುವುದಕ್ಕಿಂತ ವಿಶಾಲವಾದ ಅರ್ಥವಿದೆ. ಒಂದು ತಾಯಿಮರದಿಂದ ಕಡ್ಡಿ ತಂದು ಕಸಿ ಕಟ್ಟಿದ ಗಿಡಗಳು ನೂರಿರಲಿ, ಸಾವಿರವಿರಲಿ, ಪರಾಗದ ದೃಷ್ಟಿಯಿಂದ ಅವೆಲ್ಲವೂ ಒಂದೇ ಮರ. ಹತ್ತು ಎಕರೆಯ ತೋಟವನ್ನು ಒಂದೇ ತಳಿಯ ಕಸಿ ಗಿಡಗಳಿಂದ ತುಂಬಿದವನು, ಆ ತಳಿ ಸ್ವಪರಾಗವನ್ನು ಒಲ್ಲದ್ದಾದರೆ, ಹತ್ತು ಎಕರೆಯಲ್ಲಿ ಒಂಟಿ ಮರವೊಂದನ್ನು ನೆಟ್ಟಂತೆಯೇ ಆಯಿತು.

ಈ ಸತ್ಯವನ್ನು ತೋಟಗಾರಿಕೆಯ ಲೋಕ ತಿಳಿದುಕೊಂಡದ್ದು ಒಂದು ನಷ್ಟದ ಮೂಲಕ. ಅಮೆರಿಕದ ಕೃಷಿ ಇಲಾಖೆಯ ಎಂ. ಬಿ. ವೇಟ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಪೇರು ಹಣ್ಣಿನ ಮರಗಳ ರೋಗವನ್ನು ಅಭ್ಯಾಸ ಮಾಡುತ್ತಿದ್ದರು. ವರ್ಜೀನಿಯಾ ಪ್ರಾಂತದಲ್ಲಿ ಬಾರ್ಟ್ಲೆಟ್ ಎಂಬ ಒಂದೇ ತಳಿಯನ್ನು ನೆಟ್ಟಿದ್ದ ದೊಡ್ಡ ತೋಟವೊಂದು ಸಮೃದ್ಧವಾಗಿ ಹೂ ಬಿಟ್ಟರೂ ಫಲ ಕೊಡುತ್ತಿರಲಿಲ್ಲ. ಅಲ್ಲಲ್ಲಿ ಕೆಲವು ಮರಗಳು ಮಾತ್ರ ತುಂಬಿಕೊಂಡಿದ್ದವು. ಪರೀಕ್ಷಿಸಿ ನೋಡಿದಾಗ, ಫಲ ಬಂದಿದ್ದುದು ಹೇಗೋ ಬೆರೆತುಹೋಗಿದ್ದ ಬೇರೆ ತಳಿಯ ಗಿಡಗಳ ಆಸುಪಾಸಿನಲ್ಲಿ ಎಂಬುದು ಗೊತ್ತಾಯಿತು. ಶುದ್ಧವಾಗಿ ನೆಟ್ಟ ಭಾಗ ಬರಡಾಗಿ, ತಪ್ಪಿ ನೆಟ್ಟ ಭಾಗ ಫಲಿಸಿತ್ತು.

ಬೆಂಗಳೂರಿನ ಉತ್ತರಕ್ಕೆ ಈ ಪಾಠವನ್ನು ಕಲಿಸಲು ಚಕ್ಕೋತಕ್ಕಿಂತ ಒಳ್ಳೆಯ ಮರ ಬೇರೊಂದಿಲ್ಲ. ದೇವನಹಳ್ಳಿಯ ಚಕ್ಕೋತ ತನ್ನ ರುಚಿಗೆ ಹೆಸರಾದುದು. ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ. ಮನೆಯ ಹಿತ್ತಲಲ್ಲಿ, ಬಾವಿಯ ಬದಿಯಲ್ಲಿ, ತೋಟದ ಮೂಲೆಯಲ್ಲಿ ಒಂದೆರಡು ಮರಗಳನ್ನು ಇಟ್ಟುಕೊಳ್ಳುವುದು ಆ ಸೀಮೆಯ ವಾಡಿಕೆಯಾಗಿತ್ತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಭೂಮಿಗೆ ಬಂದ ಬೆಲೆಯನ್ನು ಎಲ್ಲರೂ ಬಲ್ಲರು. ತೋಟಗಳು ನಿವೇಶನಗಳಾದವು, ಚಕ್ಕೋತದ ಮರಗಳು ವಿರಳವಾದವು. ಮರಗಳ ಸಂಖ್ಯೆ ಇಳಿಯಿತೆಂಬುದು ಕಣ್ಣಿಗೆ ಕಾಣುವ ನಷ್ಟ. ಉಳಿದ ಮರಗಳು ಒಂದರಿಂದೊಂದು ದೂರವಾದವೆಂಬುದು ಕಣ್ಣಿಗೆ ಕಾಣದ ನಷ್ಟ. ಏಕೆಂದರೆ ಚಕ್ಕೋತ ಜಾತಿಯ ಬಹುತೇಕ ತಳಿಗಳು ಸ್ವಪರಾಗವನ್ನು ನಿರೋಧಿಸುವಂಥವು.

ಚಕ್ಕೋತದ ಹೂವಿನಲ್ಲಿ ನಡೆಯುವುದೇನೆಂಬುದು ಈಚೆಗೆ ಸ್ಪಷ್ಟವಾಗಿದೆ. ತನ್ನದೇ ಪರಾಗವು ಶಲಾಕಾಗ್ರದ ಮೇಲೆ ಬಿದ್ದರೆ ಮೊಳೆಯುವುದು ನಿಜ. ನಾಳವೂ ಕೆಳಕ್ಕೆ ಹೊರಡುತ್ತದೆ. ಆದರೆ ಶಲಾಕೆಯ ಮಧ್ಯದಲ್ಲೇ ಅದರ ಬೆಳವಣಿಗೆ ನಿಂತುಹೋಗುತ್ತದೆ. ಶಲಾಕೆಯಲ್ಲಿರುವ ಒಂದು ಬಗೆಯ ಕಿಣ್ವ ತನ್ನವರ ನಾಳದೊಳಗೆ ಸೇರಿ, ಪ್ರೋಟೀನು ತಯಾರಿಕೆಗೆ ಅಗತ್ಯವಾದ ಆರ್‌.ಎನ್‌.ಎ.ಯನ್ನು ನಾಶಮಾಡುತ್ತದೆ, ಪರರ ಪರಾಗನಾಳಕ್ಕೆ ಈ ವಿಷವನ್ನು ಮುರಿಯುವ ಸಾಮರ್ಥ್ಯವಿರುತ್ತದೆ. ಸೇಬು, ಪೇರುಗಳಲ್ಲಿ ಮೊದಲೇ ತಿಳಿದಿದ್ದ ಈ ವ್ಯವಸ್ಥೆ ನಿಂಬೆಯ ಕುಲದಲ್ಲಿಯೂ ಇದೆಯೆಂಬುದನ್ನು 2020ರಲ್ಲಿ ಪ್ರಕಟವಾದ ಸಂಶೋಧನೆ ಖಚಿತಪಡಿಸಿತು.

ಇದನ್ನು ತರಗತಿಯಲ್ಲಿ ವಿವರಿಸಬೇಕಾದ ಉಪಾಧ್ಯಾಯರಿಗೆ ಸಮೀಪದ ಹೋಲಿಕೆಯೊಂದಿದೆ. ಒಂದೇ ಬೆಡಗಿನವರು ಪರಸ್ಪರ ಹೆಣ್ಣು ಕೊಟ್ಟು ತರುವುದಿಲ್ಲವೆಂಬ ಪದ್ಧತಿಯನ್ನು ಹಳ್ಳಿಯ ಮಕ್ಕಳು ಬಲ್ಲರು. ಚಕ್ಕೋತದ ಮರಕ್ಕೂ ಬೆಡಗುಂಟು ಎನ್ನೋಣ. ಆದರೆ ಒಂದೊಂದು ಮರಕ್ಕೆ ಒಂದಲ್ಲ, ಎರಡು. ತಾಯಿಯಿಂದ ಒಂದು, ತಂದೆಯಿಂದ ಒಂದು. ಪರಾಗದ ಪ್ರತಿಯೊಂದು ಕಣವೂ ಈ ಎರಡರಲ್ಲಿ ಒಂದನ್ನು ಮಾತ್ರ ಹೊತ್ತು ಹೊರಡುತ್ತದೆ. ಆ ಒಂದು ಬೆಡಗು, ಹೂವಿನ ಎರಡು ಬೆಡಗುಗಳಲ್ಲಿ ಯಾವುದಕ್ಕೆ ಸರಿಹೊಂದಿದರೂ ಕಣಕ್ಕೆ ಪ್ರವೇಶವಿಲ್ಲ. ಒಂದು ಮರದ ಬೆಡಗುಗಳು ಅ ಮತ್ತು ಆ, ಇನ್ನೊಂದರವು ಇ ಮತ್ತು ಈ ಆದರೆ ಇವೆರಡರ ನಡುವೆ ಪೂರ್ಣ ಹೊಂದಾಣಿಕೆ. ಅವುಗಳಿಗೆ ಹುಟ್ಟಿದ ಅ-ಇ ಎಂಬ ಬೀಜದ ಗಿಡ ತನ್ನ ತಾಯಿಗೆ ಪರಾಗ ಕೊಟ್ಟರೆ ಅದರ ಕಣಗಳಲ್ಲಿ ಅರ್ಧ ವ್ಯರ್ಥವಾಗಿ ಅರ್ಧ ಫಲಿಸುತ್ತವೆ. ಅಷ್ಟೇ ಸಾಕು; ಒಂದು ಹೂವಿನ ಮೇಲೆ ಬೀಳುವ ಕಣಗಳು ಬೇಕಾದಷ್ಟು. ಆದರೆ ಅ-ಇ ಎಂಬ ಇಬ್ಬರು ಒಡಹುಟ್ಟಿದವರ ನಡುವೆ ಏನೂ ನಡೆಯದು. ಕರಿಹಲಗೆಯ ಮೇಲೆ ಚೌಕ ಬರೆದು ನಾಲ್ಕು ಬಗೆಯ ಮಕ್ಕಳನ್ನು ತೋರಿಸಿ, ಯಾರು ಯಾರಿಗೆ ಹೊಂದುವರೆಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿದರೆ ಮೆಂಡಲನ ಪಾಠವೂ ಜೊತೆಯಲ್ಲಿಯೇ ಆಗುತ್ತದೆ. ಹೋಲಿಕೆಗೆ ಮಿತಿಯೂ ಇದೆ. ಮನುಷ್ಯರ ಬೆಡಗು ರೂಢಿಯಿಂದ ಬಂದುದು, ಮರದ್ದು ವಂಶವಾಹಿಯಿಂದ ಬಂದುದು ಎಂಬುದನ್ನು ಉಪಾಧ್ಯಾಯರು ಬಿಡಿಸಿ ಹೇಳದಿದ್ದರೆ ಮಕ್ಕಳು ಬೇರೊಂದು ತಪ್ಪು ತಿಳಿವಳಿಕೆಯನ್ನು ಮನೆಗೆ ಕೊಂಡೊಯ್ದಾರು.

ಚಕ್ಕೋತದ ವಿಷಯದಲ್ಲಿ ಮತ್ತೊಂದು ತೊಡಕಿದೆ. ನಿಂಬೆ, ಕಿತ್ತಳೆಗಳ ಬೀಜದಲ್ಲಿ ತಾಯಿಯ ಪ್ರತಿರೂಪವಾದ ಭ್ರೂಣಗಳೂ ಇರುವುದರಿಂದ ಬೀಜ ನೆಟ್ಟರೂ ತಾಯಿಯ ಗುಣ ಬಹಳಷ್ಟು ಉಳಿಯುತ್ತದೆ. ಚಕ್ಕೋತದ ಬೀಜದಲ್ಲಿ ಇರುವುದು ಒಂದೇ ಭ್ರೂಣ. ಅದು ತಂದೆತಾಯಿಗಳ ಕೂಡಿಕೆಯಿಂದ ಆದುದು. ಸಿಹಿಯಾದ ಕೆಂಪು ತೊಳೆಯ ಹಣ್ಣಿನ ಬೀಜ ಬಿತ್ತಿದರೆ ಹುಳಿಯೋ ಕಹಿಯೋ ಆದ ಹಣ್ಣು ಬರಬಹುದು. ಆದ್ದರಿಂದ ಬಲ್ಲವರು ಒಳ್ಳೆಯ ಮರದ ಕೊಂಬೆಗೆ ಗೂಟಿ ಕಟ್ಟಿ ಗಿಡ ಮಾಡುತ್ತಾರೆ. ರುಚಿ ಕಾಪಾಡಲು ಇದೇ ಸರಿಯಾದ ಮಾರ್ಗ. ಆದರೆ ಹೆಸರಾದ ಒಂದು ಮರದಿಂದಲೇ ಗೂಟಿ ಗಿಡಗಳು ಹತ್ತು ತೋಟಗಳಿಗೆ ಹಂಚಿಹೋದಾಗ, ಹತ್ತು ತೋಟಗಳಲ್ಲಿಯೂ ನಿಂತಿರುವುದು ಅದೇ ಮರ. ಅವು ಒಂದಕ್ಕೊಂದು ಪರಾಗ ಕೊಡಲಾರವು.

ಹಾಗಾದರೆ ಒಂಟಿ ಚಕ್ಕೋತದ ಮರಗಳು ಇಷ್ಟು ಕಾಲ ಹಿತ್ತಲುಗಳಲ್ಲಿ ಫಲ ಕೊಟ್ಟದ್ದು ಹೇಗೆ? ಇದಕ್ಕೆ ಒಂದಕ್ಕಿಂತ ಹೆಚ್ಚು ಸಮಾಧಾನಗಳಿವೆ. ನಿಂಬೆಯ ಕುಲದ ಮರಗಳು ಜಾತಿಭೇದವನ್ನು ಅಷ್ಟಾಗಿ ಎಣಿಸುವುದಿಲ್ಲ. ಬದಿಯಲ್ಲಿ ನಿಂಬೆ, ಕಿತ್ತಳೆ, ಹೇರಳೆ ಯಾವುದೊಂದಿದ್ದು ಅದೇ ಕಾಲಕ್ಕೆ ಹೂ ಬಿಟ್ಟರೆ ಅದರ ಪರಾಗವೂ ಚಕ್ಕೋತಕ್ಕೆ ಆದೀತು. ಅಂಗಡಿಗಳಲ್ಲಿ ಗ್ರೇಪ್‌ಫ್ರೂಟ್ ಎಂದು ಮಾರುವ ಹಣ್ಣು ಹುಟ್ಟಿದ್ದೇ ವೆಸ್ಟ್ ಇಂಡೀಸಿನಲ್ಲಿ ಚಕ್ಕೋತವೂ ಸಿಹಿ ಕಿತ್ತಳೆಯೂ ತಾವಾಗಿ ಕೂಡಿದ್ದರಿಂದ. ಇನ್ನು ಕೆಲವು ತಳಿಗಳು ಪರಾಗ ದೊರೆಯದಿದ್ದರೂ ಬೀಜವಿಲ್ಲದ ಕಾಯಿ ಕಟ್ಟಬಲ್ಲವು. ಚೀನದ ಗ್ವಾನ್‌ಷಿ ಎಂಬ ಚಕ್ಕೋತ ಈ ಬಗೆಯದು. ಅಲ್ಲಿ ಒಂದೇ ತಳಿಯ ತೋಟ ಮಾಡುವುದೇ ಲಾಭ. ಅದೇ ದೇಶದ ಷಾಟಿಯನ್ ಎಂಬ ಇನ್ನೊಂದು ಚಕ್ಕೋತಕ್ಕೆ ಅನ್ಯ ಪರಾಗವಿಲ್ಲದೆ ನಡೆಯದು. ಹುಳಿ ಚಕ್ಕೋತದ ಪರಾಗವನ್ನು ಕೂಡಿಸಿಕೊಂಡು ಜನರು ಕೈಯಿಂದಲೇ ಹೂವಿಗೆ ಮುಟ್ಟಿಸುತ್ತಾರೆ. ಹಳೆಯ ಹಿತ್ತಲುಗಳ ಮಿಶ್ರ ನೆಡುವಿಕೆ ಚಕ್ಕೋತದ ಕೊರತೆಯನ್ನು ಸದ್ದಿಲ್ಲದೆ ತುಂಬುತ್ತಿತ್ತೆಂದು ಹೇಳಬೇಕು. ಗೋಡೆ ಕಟ್ಟಿದ ನಿವೇಶನದಲ್ಲಿ ಅಂದಕ್ಕಾಗಿ ಉಳಿಸಿಕೊಂಡ ಒಂದು ಮರಕ್ಕೆ ಆ ನೆರವು ಇಲ್ಲ.

ಮಾವಿನ ಕಥೆ ಬೇರೆಯ ದಾರಿಯದು. ಒಂದು ಹೂಗೊಂಚಲಿನಲ್ಲಿ ಕೆಲವು ನೂರರಿಂದ ಕೆಲವು ಸಾವಿರದವರೆಗೆ ಹೂಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಗಂಡು ಹೂಗಳೇ, ಉಳಿದವು ದ್ವಿಲಿಂಗಿಗಳು. ದ್ವಿಲಿಂಗಿ ಹೂವಿನಲ್ಲಿಯೂ ಫಲವತ್ತಾದ ಕೇಸರ ಸಾಮಾನ್ಯವಾಗಿ ಒಂದೇ, ಅಂಡಾಣುವೂ ಒಂದೇ. ಕೊನೆಗೆ ಗೊಂಚಲಿಗೆ ಒಂದೆರಡು ಹಣ್ಣು ನಿಂತರೆ ಮರ ತುಂಬಿತೆಂದು ಲೆಕ್ಕ. ಉತ್ತರ ಭಾರತದ ದಶೇರಿ, ಲಂಗಡಾ, ಚೌಸಾ ತಳಿಗಳು ಸ್ವಪರಾಗದಿಂದ ಫಲ ಕೊಡಲಾರವೆಂಬುದನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಇಲ್ಲಿ ಪರಾಗನಾಳವನ್ನು ಯಾರೂ ದಾರಿಯಲ್ಲಿ ತಡೆಯುವುದಿಲ್ಲ. ಅದು ಅಂಡಾಶಯವನ್ನು ಮುಟ್ಟುತ್ತದೆ, ಫಲೀಕರಣವೂ ನಡೆಯುತ್ತದೆ, ಹೀಚು ಕಾಣಿಸಿಕೊಳ್ಳುತ್ತದೆ. ಎರಡು ವಾರಗಳ ಸುಮಾರಿಗೆ ಒಳಗಿನ ಭ್ರೂಣಪೋಷಕ ಅಂಗಾಂಶ ಕ್ಷೀಣಿಸಿ ಹೀಚು ಉದುರಿಹೋಗುತ್ತದೆ. ತೋಟದವನಿಗೆ ಮೊದಲು ಆಸೆ ತೋರಿಸಿ ಆಮೇಲೆ ಕೈಬಿಡುವ ಈ ಬಗೆ, ಚಕ್ಕೋತದ್ದಕ್ಕಿಂತ ಹೆಚ್ಚು ಮೋಸಗೊಳಿಸುವಂಥದು. ಹೀಚು ಉದುರಿದ್ದಕ್ಕೆ ನೀರು ಸಾಲದೆಂದು ಆತ ನೀರು ಹಾಯಿಸುತ್ತಾನೆ.

ಈ ದೋಷವನ್ನೇ ವಿಜ್ಞಾನಿಗಳು ಉಪಕರಣವಾಗಿ ಬಳಸಿಕೊಂಡ ರೀತಿ ಮೆಚ್ಚತಕ್ಕದ್ದು. ಮಾವಿನಲ್ಲಿ ಎರಡು ತಳಿಗಳನ್ನು ಸಂಕರಗೊಳಿಸುವುದು ಬಹಳ ತಾಳ್ಮೆಯ ಕೆಲಸ. ಸಣ್ಣ ಹೂವಿನ ಕೇಸರವನ್ನು ಚಿಮಟದಿಂದ ತೆಗೆದು, ಪರಾಗ ಮುಟ್ಟಿಸಿ, ಚೀಲ ಕಟ್ಟಿ ಕಾದರೂ ಸಾವಿರ ಹೂವಿಗೆ ಬೆರಳೆಣಿಕೆಯ ಹಣ್ಣುಗಳು ದಕ್ಕುವುದೇ ಹೆಚ್ಚು. ಸ್ವಪರಾಗವನ್ನು ಒಲ್ಲದ ತಳಿಯ ಗಿಡವನ್ನೂ, ಪರಾಗ ಕೊಡಬೇಕಾದ ತಳಿಯ ಗಿಡವನ್ನೂ ಒಂದೇ ಜಾಲರಿಯ ಪಂಜರದೊಳಗೆ ನೆಟ್ಟು, ಒಳಗೆ ನೊಣಗಳನ್ನು ಬಿಟ್ಟರೆ ಚಿಮಟದ ಕೆಲಸವೇ ತಪ್ಪಿತು. ತಾಯಿಗಿಡದಲ್ಲಿ ನಿಂತ ಹಣ್ಣೆಲ್ಲವೂ ಸಂಕರವೇ ಆಗಿರಬೇಕು, ಏಕೆಂದರೆ ತನ್ನ ಪರಾಗದಿಂದ ಅದು ಹಣ್ಣು ನಿಲ್ಲಿಸಲಾರದು. ಈ ಪಂಜರದ ವಿಧಾನವೂ ಅದೇ ಸಂಸ್ಥೆಯ ಕೊಡುಗೆ. ನೀಲಂ ತಾಯಿಗೂ ದಶೇರಿ ತಂದೆಗೂ ಹುಟ್ಟಿದ ಮಲ್ಲಿಕಾ, ದಶೇರಿ ತಾಯಿಗೂ ನೀಲಂ ತಂದೆಗೂ ಹುಟ್ಟಿದ ಆಮ್ರಪಾಲಿ, ಎರಡೂ ದೆಹಲಿಯ ಆ ಸಂಸ್ಥೆಯವೇ. 1970ರ ದಶಕದಲ್ಲಿ ಹೊರಬಂದ ಇವುಗಳಲ್ಲಿ ಮಲ್ಲಿಕಾ ಬೆಂಗಳೂರಿನ ಸೀಮೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಹೊರಗಿನಿಂದ ಬಂದುದೆಂಬುದನ್ನು ಜನರು ಮರೆತಿದ್ದಾರೆ.

1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿ ನೆಲೆಗೊಂಡದ್ದು ಈ ಪ್ರದೇಶದ ಭಾಗ್ಯವೆನ್ನಬೇಕು. ಅರ್ಕಾವತಿಯನ್ನು ನೆನಪಿಗೆ ತರುವ ‘ಅರ್ಕಾ’ ಎಂಬ ಪೂರ್ವಪದ ಹೊತ್ತ ತಳಿಗಳು ಇಲ್ಲಿಯವು. ಬಾದಾಮಿ ಎಂದು ಇಲ್ಲಿ ಕರೆಯುವ ಆಲ್ಫಾನ್ಸೊ ತಾಯಿಯಾಗಿ ಬಂಗನಪಲ್ಲಿ ತಂದೆಯಾದರೆ ಅರ್ಕಾ ಪುನೀತ್. ಬಂಗನಪಲ್ಲಿ ತಾಯಿಯಾಗಿ ಆಲ್ಫಾನ್ಸೊ ತಂದೆಯಾದರೆ ಅರ್ಕಾ ಅರುಣಾ. ಆಲ್ಫಾನ್ಸೊ ಮತ್ತು ಜನಾರ್ದನ ಪಸಂದಿನಿಂದ ಅರ್ಕಾ ಅನ್ಮೋಲ್, ಆಲ್ಫಾನ್ಸೊ ಮತ್ತು ನೀಲಂನಿಂದ ಅರ್ಕಾ ನೀಲ್‌ಕಿರಣ್. ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುವ ಬಾದಾಮಿಯ ಚಾಳಿಯನ್ನು ತಿದ್ದಬೇಕೆಂಬುದು ಇಂಥ ಸಂಕರಗಳ ಒಂದು ಮುಖ್ಯ ಉದ್ದೇಶವಾಗಿತ್ತು. ಈ ಹಣ್ಣುಗಳನ್ನು ತಿನ್ನುವವರು, ಅವುಗಳ ಹಿಂದೆ ಹೊಂದಾಣಿಕೆಯ ಪರೀಕ್ಷೆಗಳು ಎಷ್ಟು ನಡೆದಿರಬೇಕೆಂದು ಊಹಿಸಿಕೊಳ್ಳಬಹುದು.

ಗುಣ ಹೊಂದಿದರೂ ಕಾಲ ಹೊಂದದೆ ಕೆಡುವ ಪ್ರಸಂಗಗಳುಂಟು. ಸೀತಾಫಲದ ಹೂವು ಮೊದಲು ಹೆಣ್ಣಾಗಿದ್ದು ಅನಂತರ ಗಂಡಾಗುತ್ತದೆ. ಪರಾಗ ಉದುರುವ ವೇಳೆಗೆ ಅದರ ಶಲಾಕಾಗ್ರ ಒಣಗಿ ಹೋಗಿರುತ್ತದೆ. ಪುಟ್ಟ ದುಂಬಿಗಳು ಹಳೆಯ ಹೂವಿನಿಂದ ಹೊಸ ಹೂವಿಗೆ ಪರಾಗ ಒಯ್ಯಬೇಕು. ಅವು ಕಡಮೆಯಾದಾಗ ಕಾಯಿಯೂ ಕಡಮೆ, ಬಂದ ಕಾಯಿಯೂ ಸೊಟ್ಟ. ಹೆಸರಘಟ್ಟದ ಅರ್ಕಾ ಸಹನ್ ಎಂಬ ಸೀತಾಫಲಕ್ಕೆ ಕೈಯಿಂದ ಪರಾಗ ಮುಟ್ಟಿಸಿದರೆ ಚೆನ್ನಾಗಿ ಕಾಯಿ ನಿಲ್ಲುತ್ತದೆ. ಬಣ್ಣದ ಕುಂಚವೊಂದಿದ್ದರೆ ಶಾಲಾ ಬಾಲಕರೂ ಮಾಡಬಹುದಾದ ಕೆಲಸವಿದು. ಈಚಿನ ವರ್ಷಗಳಲ್ಲಿ ಉತ್ಸಾಹದಿಂದ ನೆಡುತ್ತಿರುವ ಬೆಣ್ಣೆಹಣ್ಣಿನಲ್ಲಿ ವಿಚಿತ್ರ ಇನ್ನೂ ಹೆಚ್ಚು. ಒಂದು ವರ್ಗದ ಮರಗಳ ಹೂಗಳು ಬೆಳಿಗ್ಗೆ ಹೆಣ್ಣಾಗಿ ತೆರೆದು ಮುಚ್ಚಿಕೊಂಡು, ಮರುದಿನ ಮಧ್ಯಾಹ್ನ ಗಂಡಾಗಿ ತೆರೆಯುತ್ತವೆ. ಇನ್ನೊಂದು ವರ್ಗದವು ಮಧ್ಯಾಹ್ನ ಹೆಣ್ಣಾಗಿ ತೆರೆದು, ಮರುದಿನ ಬೆಳಿಗ್ಗೆ ಗಂಡಾಗುತ್ತವೆ. ಹಾಸ್ ಮೊದಲ ವರ್ಗದ್ದು, ಫ್ಯುವರ್ಟೆ ಎರಡನೆಯದು. ಎರಡನ್ನೂ ಬೆರೆಸಿ ನೆಟ್ಟವನಿಗೆ ದಿನದ ಎರಡು ಹೊತ್ತೂ ಪರಾಗವುಂಟು. ಬೆಲೆ ಹೆಚ್ಚೆಂದು ಹಾಸ್ ಒಂದನ್ನೇ ನೆಟ್ಟವನು ಹವೆಯ ಏರುಪೇರಿನಿಂದ ಹೊತ್ತು ತಪ್ಪಿ ತೆರೆಯುವ ಹೂಗಳನ್ನು ನಂಬಿಕೊಂಡಿರಬೇಕಾಗುತ್ತದೆ.

ಎಲ್ಲ ಬೆಳೆಗಳಿಗೂ ಈ ಚಿಂತೆಯಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಬೆಂಗಳೂರು ನೀಲಿ ದ್ರಾಕ್ಷಿ ತನ್ನ ಪರಾಗದಿಂದಲೇ ಗೊಂಚಲು ತುಂಬಿಕೊಳ್ಳುತ್ತದೆ. ಸೀಬೆಯಲ್ಲಿಯೂ ಹೆಚ್ಚಿನ ತಳಿಗಳಿಗೆ ತೊಂದರೆಯಿಲ್ಲ.

ಹೊಂದುವ ಮರ ಬದಿಯಲ್ಲಿದ್ದರೂ ಪರಾಗವನ್ನು ಒಯ್ಯುವವರು ಬೇಕಷ್ಟೆ. ಮಾವಿನ ಹೂವಿಗೆ ಬರುವವರಲ್ಲಿ ನೊಣಗಳಿಗೆ ದೊಡ್ಡ ಸ್ಥಾನವಿದೆ. ಹೆಸರಘಟ್ಟದ ಸಂಸ್ಥೆಯ ಕೀಟತಜ್ಞರೂ ಇದನ್ನು ಅಭ್ಯಾಸ ಮಾಡಿದ್ದಾರೆ. ತೋಟದ ಅಂಚಿನ ತಿಪ್ಪೆಗುಂಡಿ ಗೊಬ್ಬರಕ್ಕಷ್ಟೇ ಅಲ್ಲದೆ ಹೀಗೂ ಉಪಯೋಗಕ್ಕೆ ಬರುತ್ತಿದ್ದಿತೆಂಬುದು ಹಿಂದಿನವರಿಗೆ ತಿಳಿದಿರಲಾರದು. ಚಕ್ಕೋತದ ಕಂಪಿಗೆ ಜೇನು ಮುತ್ತುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ ತುತ್ತಾಗಿ ಕರ್ನಾಟಕದಲ್ಲಿ ಅಪಾರವಾಗಿ ನಾಶವಾಯಿತು. ಹೆಬ್ಬಾಳ, ಯಲಹಂಕಗಳ ಎತ್ತರದ ಕಟ್ಟಡಗಳಲ್ಲಿ ಹೆಜ್ಜೇನು ಕಟ್ಟಿದರೆ ಹೊಗೆ ಹಾಕಿಯೋ ಔಷಧಿ ಹೊಡೆದೋ ಕೊಲ್ಲುವುದು ಸಾಮಾನ್ಯವಾಗಿದೆ. ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಜೇನುಕೃಷಿಯ ವಿಭಾಗವೇ ಇದೆ. ಅಷ್ಟು ಸಮೀಪದಲ್ಲಿದ್ದೂ ಅಲ್ಲಿ ಹೋಗಿ ಕೇಳುವವರು ಎಷ್ಟು ಮಂದಿ ಎಂಬುದು ಬೇರೆಯ ಮಾತು. ಹೂ ಅರಳಿ ನಿಂತಿರುವಾಗ ಕೀಟನಾಶಕ ಸಿಂಪಡಿಸುವ ಅಭ್ಯಾಸವೂ ತೋಟದವರಲ್ಲಿದೆ. ಜಿಗಿಹುಳುವಿಗೆ ಹೊಡೆಯುವುದಾದರೆ ಹೂಗೊಂಚಲು ಹೊರಡುವಾಗಲೇ, ಹೂ ಅರಳುವ ಮುನ್ನ ಹೊಡೆಯಬೇಕು.

ಬೆಂಗಳೂರು ಜಿಲ್ಲೆಯ ಊರೂರಿನ ದಾಖಲೆಗಳಲ್ಲಿಯೂ ಗುಂಡುತೋಪು ಎಂಬ ಹೆಸರು ಕಾಣುತ್ತದೆ. ಊರ ಹೊರಗೆ ಸಾರ್ವಜನಿಕರ ನೆರಳಿಗಾಗಿ ನೆಟ್ಟ ಮಾವು, ಹಲಸು, ಹುಣಿಸೆ, ನೇರಳೆ, ಹೊಂಗೆಗಳ ಸಮೂಹವದು. ಅಲ್ಲಿಯ ಮಾವುಗಳು ಬಹುತೇಕ ವಾಟೆಯಿಂದ ಎದ್ದ ನಾಟಿ ಮರಗಳು. ಒಂದರ ಗುಣ ಇನ್ನೊಂದಕ್ಕಿಲ್ಲ. ಹುಳಿ ಕಾಯಿ, ನಾರು ಹಣ್ಣು ಎಂದು ಅವುಗಳನ್ನು ಹಗುರಾಗಿ ಕಾಣುವವರೇ ಹೆಚ್ಚು. ಆದರೆ ಪಕ್ಕದ ಕಸಿ ತೋಟಗಳಿಗೆ ಬಗೆಬಗೆಯ ಪರಾಗದ ಭಂಡಾರವಾಗಿದ್ದುದು ಅವೇ. ತೋಪು ಬಡಾವಣೆಯಾದಾಗ ಕಳೆದುಹೋದದ್ದರಲ್ಲಿ ನೆರಳಿನ ಜೊತೆಗೆ ಇದನ್ನೂ ಎಣಿಸಬೇಕು.

ಶಾಲೆಯ ಆವರಣಕ್ಕೆ, ಮಠದ ತೋಟಕ್ಕೆ ಸಸಿಗಳನ್ನು ಅರ್ಪಿಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಸಾಮಾನ್ಯವಾಗಿ ಹೆಸರಾದ ಒಂದೇ ತಳಿಯನ್ನು ಆರಿಸುತ್ತಾರೆ. ಐವತ್ತು ಬಾದಾಮಿ ಗಿಡಗಳನ್ನು ಕೊಡುವ ಮನಸ್ಸುಳ್ಳವರು ಮೂವತ್ತೈದು ಬಾದಾಮಿ, ಉಳಿದವು ರಸಪುರಿ, ನೀಲಂ, ಮಲ್ಲಿಕಾ ಎಂದು ಹಂಚಿ, ಸಾಲುಗಳ ನಡುನಡುವೆ ನೆಡಿಸಿದರೆ ದಾಸೋಹದ ಪಂಕ್ತಿಗೆ ಬೇಸಿಗೆಯ ಆರಂಭದಿಂದ ಆಷಾಢದವರೆಗೂ ಹಣ್ಣು ದೊರೆಯುವ ಅನುಕೂಲವೂ ಉಂಟು. ಹೂ ಬಿಡುವ ಕಾಲ ಸ್ವಲ್ಪಮಟ್ಟಿಗಾದರೂ ಒಂದರ ಮೇಲೊಂದು ಬರುವಂತೆ ನೋಡಿಕೊಳ್ಳಬೇಕು. ಈಗಾಗಲೇ ಬೆಳೆದು ನಿಂತ ಒಂಟಿ ಮರವಿದ್ದರೆ ಕಡಿಯುವ ಅಗತ್ಯವಿಲ್ಲ. ಅದರ ಒಂದು ಕೊಂಬೆಗೆ ಬೇರೆ ತಳಿಯ ಕಡ್ಡಿಯನ್ನು ಕಸಿ ಕಟ್ಟಿದರೆ ಜೊತೆಗಾರ ಅದೇ ಬೊಡ್ಡೆಯ ಮೇಲೆ ಬೆಳೆಯುತ್ತದೆ. ಹಿಮಾಚಲದ ಸೇಬಿನ ತೋಟಗಳಲ್ಲಿ ಬೇರೆ ತಳಿಯ ಹೂಗೊಂಬೆಗಳನ್ನು ನೀರಿನ ಪಾತ್ರೆಯಲ್ಲಿಟ್ಟು ಮರಕ್ಕೆ ತೂಗುಹಾಕುವ ರೂಢಿಯಿದೆ. ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತಂದಿಡುವುದೂ ಉಂಟು. ಚಕ್ಕೋತದ ಗೂಟಿ ಗಿಡ ತರುವವರು ಎರಡು ಬೇರೆ ಬೇರೆ ಊರುಗಳ, ಬೇರೆ ಬೇರೆ ತಾಯಿಮರಗಳಿಂದ ತರಬೇಕು. ಯಾವ ಗಿಡ ಯಾರ ತೋಟದ್ದೆಂಬುದನ್ನು ಶಾಲೆಯ ಪುಸ್ತಕದಲ್ಲಿ ಬರೆದಿಡಬೇಕು.

ಚಕ್ಕೋತದ ಮರ ಈಗಾಗಲೇ ಇರುವ ಶಾಲೆಗಳಲ್ಲಿ ಎಂಟನೆಯ ಒಂಬತ್ತನೆಯ ತರಗತಿಯವರಿಂದ ಮಾಡಿಸಬಹುದಾದ ಪರೀಕ್ಷೆಯೊಂದಿದೆ. ಮೊಗ್ಗುಗಳು ಬಲಿತು ಇನ್ನೂ ಅರಳದಿರುವಾಗ ಮೂರು ಕೊಂಬೆಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಹೂ ಅರಳಿದಾಗ ಮೊದಲನೆಯ ಚೀಲ ಬಿಚ್ಚಿ ಅದೇ ಮರದ ಪರಾಗವನ್ನು ಕುಂಚದಿಂದ ಮುಟ್ಟಿಸಿ ಮತ್ತೆ ಕಟ್ಟಬೇಕು. ಎರಡನೆಯದಕ್ಕೆ ಬೇರೊಂದು ಊರಿನ ಚಕ್ಕೋತದ ಪರಾಗ, ಬೇರೆ ಕುಂಚದಿಂದ. ಮೂರನೆಯದನ್ನು ಮುಟ್ಟದೆ ಹಾಗೆಯೇ ಬಿಡಬೇಕು. ಪಕ್ಕದಲ್ಲಿ ಚೀಲವಿಲ್ಲದ ನಾಲ್ಕನೆಯ ಕೊಂಬೆಯೊಂದನ್ನು ದಾರ ಕಟ್ಟಿ ಗುರುತಿಸಬೇಕು. ನಾಲ್ಕರಲ್ಲಿಯೂ ಹೂಗಳನ್ನು ಎಣಿಸಿ ಬರೆದುಕೊಂಡು, ಎಸಳು ಉದುರಿದ ಮೇಲೆ ಚೀಲ ತೆಗೆದು, ಆರು ವಾರಗಳ ಬಳಿಕ ನಿಂತ ಕಾಯಿಗಳನ್ನು ಎಣಿಸಬೇಕು. ಮೂರನೆಯ ಕೊಂಬೆಯಲ್ಲಿಯೂ ಕಾಯಿ ನಿಂತಿದ್ದರೆ ಅದನ್ನು ಹಣ್ಣಾಗುವವರೆಗೆ ಬಿಟ್ಟು, ಕೊಯ್ದು, ಒಳಗೆ ಬೀಜವಿದೆಯೇ ಇಲ್ಲವೇ ಎಂಬುದನ್ನೂ ಬರೆದಿಡತಕ್ಕದ್ದು.